ಹಳೇ ಕಾರು ಪೆಟ್ರೋಲ್ ಕುಡಿಯುತ್ತಿತ್ತು, ಕಾರಣ ಒಂದು ಪುಟ್ಟ ಸೆನ್ಸರ್

ನನ್ನದು 2002ರ, ಕಂಪ್ಯೂಟರ್ ಲೆಕ್ಕ ಹಾಕಿ ಇಂಜೆಕ್ಟರ್ ಮೂಲಕ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಕಾರು. ಲೀಟರಿಗೆ 15 ಕೊಡುತ್ತಿದ್ದದ್ದು ಒಂದೇ ತಿಂಗಳಲ್ಲಿ 9ಕ್ಕೆ ಇಳಿಯಿತು. ಸೈಲೆನ್ಸರ್‌ನಿಂದ ಕಪ್ಪು ಹೊಗೆ, ಜೊತೆಗೆ ಹಸಿ ಪೆಟ್ರೋಲ್ ವಾಸನೆ. ಪ್ಲಗ್ ಬಿಚ್ಚಿದರೆ ಸೌದೆ ಒಲೆ ಮೇಲಿಟ್ಟ ಪಾತ್ರೆಯ ತಳದ ಹಾಗೆ ಒಣ ಮಸಿ. ಗ್ಯಾರೇಜಿನವರು ಇಂಜೆಕ್ಟರ್ ಕ್ಲೀನ್ ಮಾಡಿಸಿ ಅಂದರು, ಮಾಡಿಸಿದೆ, ಆಮೇಲೆ ಆಕ್ಸಿಜನ್ ಸೆನ್ಸರ್ ಅಂದರು, ಅದನ್ನೂ ಹಾಕಿಸಿದೆ, ಸುಮ್ನೆ ದುಡ್ಡು ಹೋಯಿತು ಅಷ್ಟೇ.

ಕೊನೆಗೆ ಒಂದು ಭಾನುವಾರ ಮಲ್ಟಿಮೀಟರ್ ಹಿಡಿದು ನಾನೇ ಕೂತೆ. ಕೂಲಂಟ್ ಟೆಂಪರೇಚರ್ ಸೆನ್ಸರ್ (ಇಂಜಿನ್ ತಂಪಾಗಿಡುವ ದ್ರವದ ಬಿಸಿ ಅಳೆಯುವಂಥದ್ದು) ತಣ್ಣಗಿದ್ದಾಗ 2-3 ಸಾವಿರ ಓಮ್ ರೆಸಿಸ್ಟೆನ್ಸ್ ತೋರಿಸಿ, ಇಂಜಿನ್ ಬಿಸಿಯಾದಂತೆ 300ರ ಆಸುಪಾಸಿಗೆ ಇಳಿಯಬೇಕು. ನನ್ನದು ಫ್ಯಾನ್ ತಿರುಗಿದ ಮೇಲೂ 2,400ರಲ್ಲೇ ಕೂತಿತ್ತು! ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಲೆಕ್ಕದಲ್ಲಿ ಇಂಜಿನ್ ಇನ್ನೂ ತಣ್ಣಗೇ ಇದೆ, ಅದಕ್ಕೇ ಚೋಕ್ ಎಳೆದ ಹಾಗೆ ಪೆಟ್ರೋಲ್ ಸುರಿಯುತ್ತಿತ್ತು. ಡ್ಯಾಶ್‌ಬೋರ್ಡ್ ಟೆಂಪರೇಚರ್ ಮುಳ್ಳು ಸರಿಯಾಗೇ ಇತ್ತಲ್ವಾ ಅಂತೀರಾ? ಈ ಕಾರಿನಲ್ಲಿ ಅದಕ್ಕೆ ಬೇರೆಯೇ ಒಂಟಿ ವೈರಿನ ಸೆನ್ಸರ್ ಇದೆ, ನಾನೂ ಅಲ್ಲೇ ಮೋಸ ಹೋದದ್ದು.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೊಸದು ಹಾಕಿದೆ, ಚೆಲ್ಲಿದಷ್ಟು ಕೂಲಂಟ್ ತುಂಬಿಸಿದೆ, ಇಸಿಯು ಹಳೇ ಲೆಕ್ಕ ಮರೆಯಲಿ ಅಂತ ಹತ್ತು ನಿಮಿಷ ಬ್ಯಾಟರಿ ಬಿಚ್ಚಿಟ್ಟೆ. ಈಗ 14 ಬರುತ್ತಿದೆ. ಬಿಚ್ಚಿದ ಹಳೇ ಆಕ್ಸಿಜನ್ ಸೆನ್ಸರ್ ಮಾತ್ರ ಡಿಕ್ಕಿಯಲ್ಲಿ ಹಾಗೇ ಬಿದ್ದಿದೆ, ಬಿಸಾಕಲು ಮನಸ್ಸಿಲ್ಲ.