ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಮಂಡ್ಯ ಜಿಲ್ಲೆಯ ನಾಲಾ ಬಯಲಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕಿ. ನಮ್ಮಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಿಲ್ಲದ ಕಾರಣ, ಬಿಸಿಯೂಟ ಮುಗಿದ ಮೇಲಿನ ಆಟದ ಬಿಡುವನ್ನು ನೋಡಿಕೊಳ್ಳುವ ಹೊಣೆ ಕನ್ನಡ ಪಾಠದ ಜೊತೆಗೆ ನನ್ನ ಪಾಲಿಗೆ ಬಂದಿತು. ಮೊದಲ ವರ್ಷ ನಾನು ಮಾಡಿದ ಕೆಲಸವೆಂದರೆ ಕೂಗುವುದು. ಓಡಬೇಡಿ, ಮರ ಹತ್ತಬೇಡಿ, ತಳ್ಳಬೇಡಿ ಎಂದು ಜಗಲಿಯ ಮೇಲೆ ನಿಂತು ಗಂಟಲು ಹರಿದುಕೊಂಡರೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಹತ್ತಿ ಖಾಲಿಯಾಗುವುದು ನಿಲ್ಲಲಿಲ್ಲ. ಲಗೋರಿಯಲ್ಲಿ ಜಗಳ ತೆಗೆದು ಇನ್ನೊಬ್ಬನನ್ನು ಕೆಡವಿದ ಐದನೇ ತರಗತಿಯ ಹುಡುಗನೊಬ್ಬನನ್ನು ಒಂದು ವಾರ ಆಟದಿಂದ ಹೊರಗೆ ನಿಲ್ಲಿಸಿದೆ. ಮೂರನೆಯ ದಿನಕ್ಕೆ ಅವನು ಬೇವಿನ ಮರದ ಕೆಳಗೆ ಕುಳಿತು ಆಡುವವರ ಕಡೆಗೆ ಕಲ್ಲು ಬೀರಲಾರಂಭಿಸಿದ್ದ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ ಎಂಬುದನ್ನು ತರಬೇತಿಯಲ್ಲಿ ಕೇಳಿ ತಲೆಯಾಡಿಸಿ ಬಂದಿದ್ದವಳಿಗೆ, ಎಲ್ಲರೂ ಆಡುವಾಗ ಒಬ್ಬನನ್ನು ನೋಡುತ್ತಾ ಕೂರಿಸುವುದು ಅದರ ಗಡಿಯಲ್ಲೇ ಇದೆ ಎಂದು ಆಗ ಹೊಳೆದಿರಲಿಲ್ಲ.

ಎರಡನೆಯ ವರ್ಷ ಒಂದು ನೋಟುಬುಕ್ ಇಟ್ಟೆ. ಯಾರಿಗೆ ಪೆಟ್ಟಾಯಿತು, ಯಾವ ಆಟದಲ್ಲಿ, ಮೈದಾನದ ಯಾವ ಮೂಲೆಯಲ್ಲಿ, ಅದಕ್ಕೆ ಒಂದು ನಿಮಿಷ ಮೊದಲು ಏನಾಗುತ್ತಿತ್ತು ಎಂಬ ನಾಲ್ಕು ಅಂಕಣಗಳು. ಕೊನೆಯ ಅಂಕಣವನ್ನು ತುಂಬಲು ಮಕ್ಕಳನ್ನೇ ಕೇಳಬೇಕಾಗುತ್ತಿತ್ತು. ಎರಡು ತಿಂಗಳು ಬರೆದ ಮೇಲೆ ಓದಿ ನೋಡಿದರೆ, ಓಡಿ ಜಾರಿ ಬಿದ್ದವರು ನಾನೆಣಿಸಿದ್ದಕ್ಕಿಂತ ಕಡಿಮೆ. ‘ಔಟಾಗವ್ನೆ ಮಿಸ್, ಒಪ್ಕತಾನೇ ಇಲ್ಲ’ ಎಂಬ ಮಾತಿನ ಹಿಂದೆಯೇ ತಳ್ಳಾಟ ನಡೆದು ಬಿದ್ದವರು ಹೆಚ್ಚು. ಅನ್ಯಾಯವಾಯಿತು ಎಂದು ಕುದಿಯುತ್ತಿರುವ ಮಗುವೇ ಮುಂದಿನ ಸರದಿಯಲ್ಲಿ ಜೋರಾಗಿ ಗುದ್ದುತ್ತಿತ್ತು. ಹಾಗಾಗಿ ಮಂಡಿಗೆ ಮದ್ದು ಹಚ್ಚುವ ಮೊದಲು ಲೆಕ್ಕವನ್ನು ನೇರ್ಪಡಿಸಬೇಕು ಎಂದು ತೀರ್ಮಾನಿಸಿದೆ.

ಖೊ ಖೊ ಆಟದಿಂದ ಆರಂಭಿಸಿದೆ, ಏಕೆಂದರೆ ನೋಟುಬುಕ್ಕಿನಲ್ಲಿ ಅದರ ಹೆಸರೇ ಹೆಚ್ಚು ಸಲ ಬಂದಿತ್ತು. ಎಂಟು ಮಕ್ಕಳು ಒಬ್ಬರು ಆ ಕಡೆಗೆ, ಒಬ್ಬರು ಈ ಕಡೆಗೆ ಮುಖ ಮಾಡಿ ಸಾಲಾಗಿ ಕುಕ್ಕರಗಾಲಿನಲ್ಲಿ ಕುಳಿತಿರುತ್ತಾರೆ. ಅಟ್ಟಿಸಿಕೊಂಡು ಹೋಗುವ ಒಂಬತ್ತನೆಯವರು ಹಿಂದಿನಿಂದ ಬೆನ್ನು ಮುಟ್ಟಿ ‘ಖೊ’ ಎಂದರೆ ಕುಳಿತವರು ಎದ್ದು ಓಡಬೇಕು. ಮುಟ್ಟಬೇಕಾದ ಕಡೆ ನಮ್ಮ ಮಕ್ಕಳು ನೂಕುತ್ತಿದ್ದರು. ಕುಕ್ಕರಗಾಲಿನಲ್ಲಿರುವ ಮಗುವಿನ ಭಾರವೆಲ್ಲ ಕಾಲ್ಬೆರಳುಗಳ ಮೇಲಿರುವುದರಿಂದ, ಎದ್ದೇಳುವ ಮೊದಲೇ ನೂಕಿದರೆ ಗಲ್ಲ ನೆಲಕ್ಕೆ ಬಡಿಯುತ್ತದೆ. ‘ಮೆಲ್ಲಗೆ ಮುಟ್ಟಿ’ ಎಂದರೆ ಮೆಲ್ಲಗೆ ಎಂದರೆಷ್ಟು ಎಂದು ಯಾರಿಗೂ ತಿಳಿಯುವುದಿಲ್ಲ. ಒಂದು ದಿನ ಎಲ್ಲರ ಅಂಗೈಗೂ ಸೀಮೆಸುಣ್ಣದ ಪುಡಿ ಸವರಿದೆ. ಆಟ ಮುಗಿದ ಮೇಲೆ ಒಬ್ಬರ ಬೆನ್ನನ್ನೊಬ್ಬರು ನೋಡಿಕೊಂಡರು: ಮುಟ್ಟಿದ್ದರೆ ಐದು ಬೆರಳೂ ಸ್ಪಷ್ಟವಾಗಿ ಮೂಡಿದ ಅಚ್ಚು, ನೂಕಿದ್ದರೆ ಮೇಲಕ್ಕೆ ಎಳೆದುಕೊಂಡು ಹೋದ ಬಿಳಿಯ ಪಟ್ಟೆ. ಯಾರನ್ನೂ ಬೈಯುವ ಅಗತ್ಯವೇ ಬೀಳಲಿಲ್ಲ. ‘ನಂದು ಅಚ್ಚು, ನಿಂದು ಪಟ್ಟೆ’ ಎಂಬ ಮಾತು ಅಂದಿನಿಂದ ಆಟದ ಭಾಷೆಯಾಗಿಬಿಟ್ಟಿತು. ಸಮವಸ್ತ್ರ ಒಗೆಯುವ ತಾಯಂದಿರಿಂದ ಮರುದಿನ ನಾನು ಎರಡು ಮಾತು ಕೇಳಬೇಕಾಯಿತು, ಅದು ನ್ಯಾಯವೇ. ಎರಡು ತುದಿಯ ಕಂಬಗಳಿಗೆ ಗೋಣಿಚೀಲ ಸುತ್ತಿ ಹಳೆಯ ಸೈಕಲ್ ಟ್ಯೂಬಿನಿಂದ ಬಿಗಿದೆವು.

ಕಬಡ್ಡಿಯದು ಸುಲಭದಲ್ಲಿ ಮುಗಿಯಿತು. ದಾಳಿಗೆ ಬಂದವನ ಕೈಕಾಲು ಮತ್ತು ಮೈಯನ್ನು ಹಿಡಿಯಬಹುದೇ ಹೊರತು ಕೂದಲನ್ನೋ ಅಂಗಿಯನ್ನೋ ಹಿಡಿದು ಎಳೆಯುವಂತಿಲ್ಲ, ಉಸಿರು ತಡೆಯಲು ಬಾಯಿ ಮುಚ್ಚುವಂತಿಲ್ಲ ಎಂಬುದು ಆಟದ ನಿಯಮಗಳಲ್ಲೇ ಇದೆ. ಇದು ಮಿಸ್ ಹೇಳಿದ್ದಲ್ಲ, ದೊಡ್ಡ ಪಂದ್ಯಗಳಲ್ಲೂ ಹೀಗೇ ಎಂದು ಗೊತ್ತಾದ ಕೂಡಲೇ ಮಕ್ಕಳು ಒಪ್ಪಿಕೊಂಡರು. ಅಂಕಣದ ನೆಲವನ್ನು ಮಾತ್ರ ಪೋಷಕರೊಬ್ಬರು ಹಿಂದಿನ ದಿನ ನೀರು ಹಾಯಿಸಿ, ಕುಂಟೆ ಹೊಡೆದು, ಕಲ್ಲು ಆರಿಸಿ ಹದ ಮಾಡಿಕೊಟ್ಟರು.

ನಿಜವಾದ ಕಷ್ಟವಿದ್ದದ್ದು ತಂಡ ಕಟ್ಟುವುದರಲ್ಲಿ. ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತಾ ಹೋದರೆ ಕೊನೆಗೆ ಉಳಿಯುವ ಮಗು ದಿನವೂ ಅದೇ ಆಗಿರುತ್ತದೆ, ಮತ್ತು ಅದು ಉಳಿಯುವುದನ್ನು ಎಲ್ಲರೂ ನೋಡುತ್ತಿರುತ್ತಾರೆ. ಇದಕ್ಕೆ ಪರಿಹಾರವನ್ನು ನಾನು ಹೊಸದಾಗಿ ಹುಡುಕಲಿಲ್ಲ, ನಾವು ಚಿಕ್ಕವರಿದ್ದಾಗ ಮಾಡುತ್ತಿದ್ದುದನ್ನೇ ನೆನಪಿಸಿಕೊಂಡೆ. ಆಟದಲ್ಲಿ ಸರಿಸಮಾನರಾದ ಇಬ್ಬಿಬ್ಬರು ಜೋಡಿಯಾಗಿ, ಹೆಗಲ ಮೇಲೆ ಕೈಹಾಕಿಕೊಂಡು ದೂರ ಹೋಗಿ, ಗುಟ್ಟಾಗಿ ಹೆಸರಿಟ್ಟುಕೊಂಡು ಬಂದು ‘ಗುಲಾಬಿ ಬೇಕಾ, ಮಲ್ಲಿಗೆ ಬೇಕಾ?’ ಎಂದು ಕೇಳುತ್ತಾರೆ. ನಾಯಕಿ ಹೂವನ್ನು ಆರಿಸುತ್ತಾಳೆಯೇ ಹೊರತು ಹುಡುಗಿಯನ್ನಲ್ಲ. ಬಲವೂ ಹಂಚಿಹೋಗುತ್ತದೆ, ಯಾರೂ ಕಡೆಯವರಾಗಿ ಉಳಿಯುವುದಿಲ್ಲ. ಈಗಿನ ಮಕ್ಕಳು ಹೂವಿನ ಬದಲು ಕ್ರಿಕೆಟ್ ಆಟಗಾರರ ಹೆಸರನ್ನೋ ಟ್ರ್ಯಾಕ್ಟರಿನ ಹೆಸರನ್ನೋ ಇಟ್ಟುಕೊಂಡು ಬರುತ್ತಾರೆ, ಅಷ್ಟೇ ವ್ಯತ್ಯಾಸ.

ಜೋಡಿಗೆ ಸಿಗದೆ ಉಳಿಯುವ ಪುಟ್ಟ ಮಕ್ಕಳಿಗೆ ನಮ್ಮ ಕಡೆ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ವ್ಯವಸ್ಥೆಯೊಂದಿದೆ. ಒಂದನೇ ತರಗತಿಯ ಮಗು ಅಕ್ಕನ ಜೊತೆ ಓಡಾಡಿಕೊಂಡಿರಲಿ, ಅದನ್ನು ಯಾರೂ ಔಟ್ ಮಾಡಬಾರದು ಎಂಬ ಪ್ರೀತಿಯ ರಿಯಾಯಿತಿ ಅದು. ಆದರೆ ಒಂದು ದಿನ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು, ನಡೆಯುವಾಗ ಕಾಲನ್ನು ಸ್ವಲ್ಪ ಎಳೆಯುವವಳು, ನೀರಿನ ತೊಟ್ಟಿಯ ಬಳಿ ನಿಂತು ‘ನನ್ನ ಯಾವಾಗ್ಲೂ ಲೆಕ್ಕಕ್ಕಿಲ್ಲ ಅಂತಾರೆ ಮಿಸ್’ ಎಂದಳು. ನಾನು ಅದನ್ನು ದಿನವೂ ನೋಡುತ್ತಿದ್ದೆ, ಮಕ್ಕಳು ಎಷ್ಟು ಒಳ್ಳೆಯವರು ಎಂದುಕೊಳ್ಳುತ್ತಿದ್ದೆ. ಆರು ವರ್ಷದ ಮಗುವಿಗೆ ಸಿಹಿಯಾದದ್ದು ಒಂಬತ್ತು ವರ್ಷದವಳಿಗೆ ಅವಮಾನವಾಗಬಹುದೆಂದು ನನಗೆ ತಿಳಿಯದೆ ಹೋದದ್ದಕ್ಕೆ ಇಂದಿಗೂ ನಾಚಿಕೆಯಿದೆ. ಮರುದಿನ ಮಕ್ಕಳನ್ನು ಮರದ ಕೆಳಗೆ ಕೂರಿಸಿ ಅವಳ ಹೆಸರೆತ್ತದೆ ಕೇಳಿದೆ: ಲೆಕ್ಕಕ್ಕಿಲ್ಲ ಎಂದು ಹೇಳುವವರು ಯಾರಾಗಬೇಕು? ಸಾಕಷ್ಟು ವಾದ ನಡೆದು, ಎರಡನೇ ತರಗತಿಯವರೆಗೆ ಮಾತ್ರ, ಅದೂ ಆ ಮಗುವೇ ಬಯಸಿದರೆ ಎಂದು ನಿರ್ಧಾರವಾಯಿತು. ಆ ಹುಡುಗಿ ಈಗ ಲಗೋರಿಯಲ್ಲಿ ಬಿಲ್ಲೆ ಪೇರಿಸುವ ಕಡೆ ಇರುತ್ತಾಳೆ, ಕೈ ಚುರುಕು. ಚೆಂಡು ಬಿದ್ದರೆ ಔಟಾಗುತ್ತಾಳೆ, ಔಟಾದರೆ ಜಗಳವನ್ನೂ ಆಡುತ್ತಾಳೆ. ಚೆಂಡನ್ನು ಮಾತ್ರ ಯಾರಿಗೇ ಆಗಲಿ ಸೊಂಟದಿಂದ ಕೆಳಗೆ ಬೀರಬೇಕು. ತಲೆಗೆ ಬಿದ್ದರೆ ಬೀರಿದವರೇ ಔಟ್.

ಇನ್ನೊಂದು ನಿಯಮವನ್ನೂ ಮಕ್ಕಳಿಂದಲೇ ಎರವಲು ಪಡೆದೆ. ಚಪ್ಪಲಿ ಕಿತ್ತುಹೋದಾಗ, ಕಣ್ಣಿಗೆ ಧೂಳು ಬಿದ್ದಾಗ ಅವರು ಹೆಬ್ಬೆರಳೆತ್ತಿ ‘ಟಾಂಪ್ಲೀಸ್’ ಎನ್ನುತ್ತಾರೆ. ಟೈಮ್ ಪ್ಲೀಸ್ ಎಂಬುದರ ನಮ್ಮೂರ ರೂಪ. ಆ ಮಾತು ಕೇಳಿದರೆ ಇಡೀ ಆಟವೇ ನಿಲ್ಲಬೇಕೆಂದು ಮಾಡಿದೆವು. ಮೊದಲ ವಾರ ಸಿಕ್ಕಿಬೀಳುವ ಹೊತ್ತಿಗೆ ಸರಿಯಾಗಿ ಎಲ್ಲರಿಗೂ ಚಪ್ಪಲಿ ಕೀಳತೊಡಗಿತು. ಏಳನೇ ತರಗತಿಯವರೇ ತಿದ್ದುಪಡಿ ತಂದರು: ಟಾಂಪ್ಲೀಸ್ ಎಂದವರು ಇದ್ದಲ್ಲೇ ನೆಲಕ್ಕೆ ಕುಳಿತುಬಿಡಬೇಕು, ಆಟ ಮತ್ತೆ ಅಲ್ಲಿಂದಲೇ ಆರಂಭ. ಅದರೊಂದಿಗೆ ಕಳ್ಳಾಟ ನಿಂತಿತು. ನನ್ನ ತಲೆಗೆ ಇದು ಬರುತ್ತಿರಲಿಲ್ಲ.

ಕ್ರಿಕೆಟ್ಟಿನ ವಿಷಯದಲ್ಲಿ ನಾನು ಅಷ್ಟು ಉದಾರಿಯಲ್ಲ. ಹನ್ನೆರಡು ಹುಡುಗರು ಇಡೀ ಮೈದಾನವನ್ನು ಹಿಡಿದುಕೊಂಡು, ಹುಡುಗಿಯರು ಜಗಲಿಯ ಅಂಚಿನಲ್ಲಿ ಕುಂಟಾಬಿಲ್ಲೆಗೆ ಗೆರೆ ಎಳೆದುಕೊಳ್ಳುವುದು ಯಾವ ನ್ಯಾಯ? ಸುಣ್ಣದ ಗೆರೆ ಹಾಕಿ ಮೈದಾನವನ್ನು ಪಾಲು ಮಾಡಿದೆ. ಕ್ರಿಕೆಟ್ಟಿಗೆ ಮೂಲೆ ಮತ್ತು ವಾರದಲ್ಲಿ ಎರಡು ದಿನ. ಬ್ಯಾಟ್ ಹಿಡಿದವರ ಸುತ್ತ ಒಂದು ವೃತ್ತ, ವಿಕೆಟ್ ಕೀಪರ್ ಸೇರಿದಂತೆ ಯಾರೂ ಅದರೊಳಗೆ ಬರುವಂತಿಲ್ಲ. ದೂರುಗಳು ಬಂದವು, ಈಗಲೂ ಬರುತ್ತವೆ.

ನಾಲೆಯ ಕಡೆಯ ಕಾಂಪೌಂಡ್ ಗೋಡೆ ಮಂಡಿಯೆತ್ತರಕ್ಕೆ ಬಂದು ನಿಂತಿದೆ. ಚೆಂಡು ಆ ಕಡೆಗೆ ಹೋದರೆ ಯಾವ ಮಗುವೂ ಅದರ ಹಿಂದೆ ಹೋಗುವಂತಿಲ್ಲ, ನೀರು ಬಿಟ್ಟಿರಲಿ ಬಿಡದಿರಲಿ. ಎದುರಿನ ರಸ್ತೆಯ ಕಡೆಗೂ ಇದೇ ಮಾತು. ಕಬ್ಬು ಅರೆಯುವ ಕಾಲದಲ್ಲಿ ಜಲ್ಲೆ ಹೇರಿದ ಟ್ರ್ಯಾಕ್ಟರು ಕಂಡರೆ ಆಟ ಬಿಟ್ಟು ಓಡುವವರಿದ್ದಾರೆ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಗೋಡೆಯ ವಿಷಯವನ್ನು ಪ್ರತಿ ಸಲವೂ ಬರೆಸುತ್ತಿದ್ದೇನೆ. ಅಲ್ಲಿಯವರೆಗೆ ಕಪಾಟಿನಲ್ಲಿ ಮೂರು ಚೆಂಡು ಹೆಚ್ಚಿಗೆ ಇಟ್ಟಿರುತ್ತೇನೆ. ಒಂದು ನಾಲೆಗೆ ಹೋದರೆ ‘ಹೋಗಲಿ ಬಿಡಿ’ ಎನ್ನಲು ನನ್ನ ಬಳಿ ಇನ್ನೊಂದು ಇರಬೇಕಲ್ಲ.