ಹಳದಿ ಚೀಲದ ತೂಕ ಇಳಿಸಿದ ಕಥೆ

ಕಸ ಬೇರ್ಪಡಿಸುವ ಬಗ್ಗೆ ತರಗತಿ ನಡೆಸುವುದನ್ನು ಬಿಟ್ಟ ಮೇಲೆಯೇ ನಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಕಸ ಸರಿಯಾಗಿ ಬೇರೆಯಾಗತೊಡಗಿತು. ಇದನ್ನು ಹೇಳಿದಾಗ ಸೋಂಕು ನಿಯಂತ್ರಣದ ನನ್ನ ಜೊತೆಗಾರರು ನಕ್ಕಿದ್ದರು. ಈಗ ಅವರೇ ನಮ್ಮ ತೂಕದ ಪುಸ್ತಕ ನೋಡಲು ಬರುತ್ತಾರೆ.

ಮೊದಲ ವರ್ಷ ನಾನೂ ಗೋಡೆ ತುಂಬ ಚಿತ್ರಪಟ ಅಂಟಿಸಿದೆ, ಪರೀಕ್ಷೆಯನ್ನೂ ನಡೆಸಿದೆ. ಇಪ್ಪತ್ತಕ್ಕೆ ಹದಿನೆಂಟು ಅಂಕ ತೆಗೆದ ನರ್ಸ್ ಒಬ್ಬರು ಮರುದಿನವೇ ಗ್ಲೌಸಿನ ಖಾಲಿ ಪೆಟ್ಟಿಗೆಯನ್ನು, ಸುಡಲು ಕಳಿಸುವ ಸೋಂಕಿನ ಕಸದ ಹಳದಿ ಚೀಲಕ್ಕೆ ಹಾಕಿದರು. ಕೇಳಿದರೆ, "ಅದೇ ಹತ್ತಿರ ಇತ್ತಲ್ಲ ಸಿಸ್ಟರ್" ಎಂದರು. ಆ ಮಾತು ನನ್ನ ತಲೆಗೆ ಇಳಿಯಲು ಆರು ತಿಂಗಳು ಹಿಡಿಯಿತು.

ಸುಡಲು ಹೋಗುವ ಕಸಕ್ಕೆ ನಾವು ಕಿಲೋ ಲೆಕ್ಕದಲ್ಲಿ ಹಣ ತೆರಬೇಕು. ಆಸ್ಪತ್ರೆಯ ಕಸದಲ್ಲಿ ನೂರಕ್ಕೆ 85ರಷ್ಟು ಅಪಾಯವಿಲ್ಲದ್ದು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವಿದೆ. ನಮ್ಮಲ್ಲಿ ಮಾತ್ರ ಕಸದ ಅರ್ಧಕ್ಕಿಂತ ಹೆಚ್ಚು ಭಾಗ ಹಳದಿ ಚೀಲ ಸೇರುತ್ತಿತ್ತು. ರಟ್ಟು ಸುಡಿಸಲು ದುಡ್ಡು ತೆರುತ್ತಿದ್ದೆವು! ಹಟಕ್ಕೆ ಬಿದ್ದು ಪೆಡಲ್ ಡಬ್ಬಗಳನ್ನು ತರಿಸಿದೆ. ಮೂರು ತಿಂಗಳಲ್ಲಿ ಅರ್ಧ ಪೆಡಲ್‌ಗಳು ಮುರಿದವು. ಉಳಿದವುಗಳ ಮುಚ್ಚಳವನ್ನು ಬ್ಯಾಂಡೇಜಿನಿಂದ ಎತ್ತಿ ಕಟ್ಟಿದ್ದರು. ಲೆಕ್ಕ ವಿಭಾಗದವರು ಅದನ್ನು ಇನ್ನೂ ಮರೆತಿಲ್ಲ.

ಒಂದು ರಾತ್ರಿ ಪಾಳಿಯಲ್ಲಿ ಆಯಾ ಒಬ್ಬರ ಹಿಂದೆಯೇ ಸುತ್ತಿದೆ. ಅವರು ಚೀಲವನ್ನು ಮೈಯಿಂದ ಒಂದು ಮೊಳ ದೂರ, ತೋಳು ನಡುಗುವಷ್ಟು ಚಾಚಿ ಹಿಡಿದು ನಡೆಯುತ್ತಿದ್ದರು. "ಹಿಂದೊಮ್ಮೆ ಚೀಲದೊಳಗಿನ ಸೂಜಿ ಕಾಲಿಗೆ ಚುಚ್ಚಿತ್ತು ಸಿಸ್ಟರ್. ಅದರ ಮೇಲಿನ ರಕ್ತ ಒಣಗಿತ್ತು, ಹಾಗಾಗಿ ಯಾರಿಗೂ ಹೇಳಲಿಲ್ಲ." ರಕ್ತದಿಂದ ಹರಡಿ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ವೈರಾಣು ಒಣಗಿದ ಮೇಲೂ ಕನಿಷ್ಠ 7 ದಿನ ಉಳಿಯುತ್ತದೆ. ಅವರಿಗೆ ಲಸಿಕೆಯೇ ಆಗಿರಲಿಲ್ಲ. ನನ್ನ ತರಗತಿಗಳಿಗೆ ಅವರನ್ನು ಯಾರೂ ಕರೆದಿರಲಿಲ್ಲ, ನಾನೂ ಕರೆದಿರಲಿಲ್ಲ.

ಲಸಿಕೆ ಹಾಕಿಸಿದ ಮೇಲೆ ಡಬ್ಬಗಳನ್ನು ಸರಿಸಿದೆ. ಸೂಜಿಯ ಡಬ್ಬ ಇಂಜೆಕ್ಷನ್ ಟ್ರಾಲಿಯ ಮೇಲೇರಿತು. ಹಳದಿ ಚೀಲ ಹಾಸಿಗೆಗಳ ಪಕ್ಕದಿಂದ ಡ್ರೆಸ್ಸಿಂಗ್ ಟ್ರಾಲಿಗೆ ಹೋಯಿತು. ಕೈಗೆ ಸುಲಭವಾಗಿ ಸಿಗುವುದು ಸಾಮಾನ್ಯ ಕಸದ ಬುಟ್ಟಿ ಮಾತ್ರ. ಸೂಜಿಯ ಡಬ್ಬಕ್ಕೆ ಮುಕ್ಕಾಲಿನಲ್ಲಿ ಗೆರೆ ಎಳೆದೆ. ಗೆರೆ ದಾಟಿದ್ದನ್ನು ಮುಟ್ಟುವುದಿಲ್ಲ ಎನ್ನುವ ಅಧಿಕಾರವನ್ನು ಆಯಾಗಳಿಗೇ ಬರವಣಿಗೆಯಲ್ಲಿ ಕೊಡಿಸಿದೆ. ಪ್ರತಿ ಪಾಳಿಯ ಚೀಲವನ್ನು ತೂಗಿ ಬರೆಯುವವರೂ ಅವರೇ. ಹಿರಿಯ ವೈದ್ಯರೊಬ್ಬರು, "ಇದು ಒಂದು ವಾರವೂ ನಡೆಯುವುದಿಲ್ಲ" ಎಂದಿದ್ದರು. ಅವರನ್ನು ಒಲಿಸಿಕೊಂಡ ಉಪಾಯ ನನ್ನಲ್ಲೇ ಇರಲಿ.

ದಿನಕ್ಕೆ ನಲವತ್ತು ಕಿಲೋ ಆಸುಪಾಸಿನಲ್ಲಿದ್ದ ಹಳದಿ ಕಸ ನಾಲ್ಕು ತಿಂಗಳಲ್ಲಿ ಹದಿನೇಳು, ಹದಿನೆಂಟಕ್ಕೆ ಇಳಿಯಿತು. ಬಿಲ್ಲು ಅರ್ಧಕ್ಕಿಂತ ಕಡಿಮೆ. ಕಳೆದ ವರ್ಷ ಸೂಜಿ ಚುಚ್ಚಿಸಿಕೊಂಡವರು ಒಬ್ಬರೇ. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋದ ಕಿರಿಯ ವೈದ್ಯರು.

ನಡುವೆ ಸೋಂಕು ಕಳೆಯುವ ಬ್ಲೀಚ್ ದ್ರಾವಣದ, ಅಂದರೆ ಹೈಪೋಕ್ಲೋರೈಟಿನ ಹುಚ್ಚೂ ಹತ್ತಿತ್ತು. ಒಂದು ಬಕೆಟ್ ಕಿಟಕಿಯ ಬಿಸಿಲಿಗೆ, ಇನ್ನೊಂದು ಮುಚ್ಚಿ ನೆರಳಿಗೆ ಇಟ್ಟು, ದ್ರಾವಣದ ಸತ್ವ ತೋರಿಸುವ ಪರೀಕ್ಷಾ ಪಟ್ಟಿ ಅದ್ದಿದೆ. ಸಂಜೆಗೆ ಬಿಸಿಲಿನದು ಸತ್ವ ಕಳೆದುಕೊಂಡಿತ್ತು. ಅದೇ ಉತ್ಸಾಹದಲ್ಲಿ ಎರಡು ಒಳ್ಳೆಯ ಫೋರ್ಸೆಪ್ಸ್ (ಚಿಮಟ) ಅದರಲ್ಲಿ ನೆನೆಹಾಕಿ ಮರೆತು ತುಕ್ಕು ಹಿಡಿಸಿದ್ದೂ ನಾನೇ.

ಆಪರೇಷನ್ ಥಿಯೇಟರಿನಲ್ಲಿ ಈ ವಿಧಾನ ಇನ್ನೂ ಹತ್ತಿಲ್ಲ. ಅಲ್ಲಿ ಉಪಕರಣಗಳಿಗೆ ಸುತ್ತಿದ ಹೊದಿಕೆ ಕಾಗದಗಳ ರಾಶಿ ಬೀಳುವುದು ರೋಗಿ ಒಳಗೆ ಬರುವ ಮೊದಲು. ಆ ಚೀಲವನ್ನು ಆಗಲೇ ಕಟ್ಟಿ ಹೊರಗೆ ಕಳಿಸಿ ನೋಡುತ್ತಿದ್ದೇನೆ.