ಮನೆಯೊಳಗಿನ ಕುಂಡಗಳಿಗೆ ಅಂತರಗಂಗೆಯ ಕಾಂಪೋಸ್ಟ್

ದಾವಣಗೆರೆಯ ಸುತ್ತಲಿನ ಭದ್ರಾ ಅಚ್ಚುಕಟ್ಟಿನ ಕೆರೆ, ಹೊಂಡಗಳಲ್ಲಿ ನೀರಿನ ಮೇಲೆ ತೇಲುತ್ತಾ ಬೆಳೆಯುವ ಕಳೆಯಾದ ಅಂತರಗಂಗೆಯನ್ನು ಚೆನ್ನಾಗಿ ಕೊಳೆಸಿದರೆ ಮನಿಪ್ಲಾಂಟ್, ಅಗ್ಲೋನಿಮಾ, ಕ್ರೋಟನ್‌ಗಳಂತಹ ಗಿಡಗಳಿಗೆ ಸಾರಜನಕ ಮತ್ತು ಪೊಟ್ಯಾಷಿಯಂ ಒದಗಿಸುವ ಉತ್ತಮ ಗೊಬ್ಬರವಾಗುತ್ತದೆ.

ಎಲ್ಲಕ್ಕಿಂತ ಮೊದಲು ಅದು ಬೆಳೆದ ನೀರನ್ನು ನೋಡಬೇಕು. ಈ ಸಸ್ಯವು ಸೀಸ, ಕ್ಯಾಡ್ಮಿಯಂನಂತಹ ಲೋಹಗಳನ್ನು ಹೀರಿ ಬೇರಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಕೊಳೆತ ಮೇಲೂ ಅವು ಉಳಿಯುವುದರಿಂದ ಚರಂಡಿ ಅಥವಾ ಕಾರ್ಖಾನೆಯ ನೀರು ಸೇರುವ ಕೆರೆಯ ಗಿಡವನ್ನು ತರಲೇಬಾರದು. ಬೀಜಗಳು ಹಲವು ವರ್ಷ ಜೀವಂತವಾಗಿರುತ್ತವೆಯಾದ್ದರಿಂದ ಹೂ ಬಿಡುವ ಮೊದಲೇ ಕಿತ್ತು ತರುವುದು ಲೇಸು.

ಹಸಿ ಗಿಡದ ತೂಕದಲ್ಲಿ ಶೇಕಡಾ 90ಕ್ಕೂ ಹೆಚ್ಚು ನೀರೇ ಇರುತ್ತದೆ. ಹಾಗೆಯೇ ರಾಶಿ ಹಾಕಿದರೆ ಗಾಳಿಯಾಡದೆ ನಾರುತ್ತದೆ. ಆದ್ದರಿಂದ ಎರಡು ಮೂರು ದಿನ ಬಿಸಿಲಿನಲ್ಲಿ ಬಾಡಿಸಿ, ಕತ್ತರಿಸಿ, ಮೂರು ಪುಟ್ಟಿಗೆ ಒಂದು ಪುಟ್ಟಿಯಂತೆ ಭತ್ತದ ಹುಲ್ಲನ್ನೋ ತರಗೆಲೆಯನ್ನೋ ಬೆರೆಸಿ, ಸಗಣಿ ನೀರು ಚಿಮುಕಿಸಿ, ಸುಮಾರು ಮೂರು ಅಡಿ ಎತ್ತರದ ರಾಶಿ ಮಾಡಬೇಕು. ಹಿಡಿ ಹಿಂಡಿದಾಗ ಒಂದೆರಡು ಹನಿ ಮಾತ್ರ ಬರುವಷ್ಟು ತೇವ ಸಾಕು. ರಾಶಿಯ ಒಳಗೆ 55 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖ ಕನಿಷ್ಠ ಮೂರು ದಿನ ನಿಂತರೆ ಕಳೆಬೀಜಗಳಲ್ಲಿ ಬಹುಪಾಲು ಸಾಯುತ್ತವೆ. ಹೊರಗಿನ ಪದರಕ್ಕೆ ಆ ಶಾಖ ತಾಗುವುದಿಲ್ಲವಾದ್ದರಿಂದ ವಾರಕ್ಕೊಮ್ಮೆ ಹೊರಗಿನದು ಒಳಗಾಗುವಂತೆ ಮಗುಚಬೇಕು.

ಮಾಗಲು ಎರಡರಿಂದ ಮೂರು ತಿಂಗಳು ಬೇಕು. ಅವಸರಪಟ್ಟು ಅರೆಕೊಳೆತ ಗೊಬ್ಬರ ಹಾಕಿ ನಾನು ಒಂದು ಒಳ್ಳೆಯ ಅಗ್ಲೋನಿಮಾದ ಬೇರನ್ನು ಕಳೆದುಕೊಂಡಿದ್ದೇನೆ. ಅಂದಿನಿಂದ ಒದ್ದೆ ಗೊಬ್ಬರದಲ್ಲಿ ಮೊದಲು ಮೆಂತ್ಯ ಬಿತ್ತಿ, ಮೊಳಕೆ ಸರಿಯಾಗಿ ಬಂದರೆ ಮಾತ್ರ ಜರಡಿ ಹಿಡಿದು ಬಳಸುತ್ತೇನೆ.

ಈ ಗೊಬ್ಬರ ನುಣುಪಾಗಿದ್ದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಲವಣವೂ ಹೆಚ್ಚು. ಮಿಶ್ರಣದಲ್ಲಿ ಕಾಲು ಭಾಗ ಮೀರಬಾರದು. ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿ ಎರಡು ಭಾಗ, ಕಪ್ಪಾಗಿ ಸುಟ್ಟ ಭತ್ತದ ಹೊಟ್ಟು ಅಥವಾ ದಪ್ಪ ಮರಳು ಒಂದು ಭಾಗ, ಕಾಂಪೋಸ್ಟ್ ಒಂದು ಭಾಗ ಎಂಬ ಅಳತೆ ಹೆಚ್ಚಿನ ಗಿಡಗಳಿಗೆ ಒಗ್ಗುತ್ತದೆ. ನಮ್ಮ ಊರಿನ ಅಕ್ಕಿ ಗಿರಣಿಗಳಿಂದಾಗಿ ಹೊಟ್ಟಿಗೆ ಕೊರತೆಯಿಲ್ಲ. ಆದರೆ ಬಿಳಿಯ ಬೂದಿಯಾಗುವಷ್ಟು ಸುಟ್ಟದ್ದು ಮಣ್ಣನ್ನು ಕ್ಷಾರವಾಗಿಸುವುದರಿಂದ ಬೇಡ. ಸ್ನೇಕ್ ಪ್ಲಾಂಟ್‌ಗೆ ಕಾಂಪೋಸ್ಟನ್ನು ಅರ್ಧಕ್ಕೆ ಇಳಿಸಿ ಮರಳನ್ನು ಹೆಚ್ಚಿಸಬೇಕು.

ನೆಟ್ಟ ಮೇಲೆ ಕುಂಡದ ತಳದಿಂದ ನೀರು ಸರಾಗವಾಗಿ ಹರಿಯುವಂತೆ ಎರಡು ಬಾರಿ ಹಾಯಿಸಿದರೆ ಹೆಚ್ಚಿನ ಲವಣ ಇಳಿದುಹೋಗುತ್ತದೆ. ಮುಂದೆ ಮೇಲ್ಪದರದಲ್ಲಿ ಬಿಳಿ ಪೊರೆ ಕಂಡಾಗಲೆಲ್ಲ ಹೀಗೆಯೇ ಮಾಡಬೇಕು.